ಹಳೆಯ ಸ್ಪೋರ್ಟ್ಸ್ ಕಾರಿನ ಎಲ್‌ಎಸ್‌ಡಿ: ಗುರುತು, ಹುಡುಕಾಟ, ಜೋಡಣೆ (ಮುಖ್ಯಾಂಶಗಳು)

ಐಟಿಐ ಮೋಟಾರು ವಾಹನ ಮೆಕ್ಯಾನಿಕ್, ಡಿಪ್ಲೊಮಾ ಆಟೊಮೊಬೈಲ್ ಮತ್ತು ಮೋಟಾರು ವಾಹನ ನಿರೀಕ್ಷಕ ಹುದ್ದೆಯ ಪರೀಕ್ಷೆಗೆ ಓದುವವರಿಗೆ. ಹಳೆ ಕಾರು ಇಟ್ಟುಕೊಂಡವರಿಗೂ ಪ್ರಯೋಜನಕ್ಕೆ ಬಂದೀತು.

ತೊಂದರೆ ಎಲ್ಲಿಂದ ಶುರು

ನಾಗಪುರದ ಉತ್ತರಕ್ಕಿರುವ ಖಾಪರಖೇಡಾದಲ್ಲಿ ಉಷ್ಣ ವಿದ್ಯುತ್ ಸ್ಥಾವರವಿದೆ. ಇಂಥ ಊರಲ್ಲಿ ಬೂದಿ ತುಂಬಿದ ಟಿಪ್ಪರಿನ ಹಿಂದಿನ ಒಂದು ಚಕ್ರ ಕೆಸರಿಗಿಳಿದರೆ ಅದು ಗಿರಗಿರ ಸುತ್ತುತ್ತದೆ, ಗಟ್ಟಿ ನೆಲದ ಮೇಲಿನ ಚಕ್ರ ಅಲುಗುವುದೇ ಇಲ್ಲ. ಸಾಧಾರಣ ಡಿಫರೆನ್ಷಿಯಲ್ ಎರಡೂ ಕಡೆಗೆ ಸರಿಸಮ ಟಾರ್ಕ್ ಹಂಚುವುದೇ ಕಾರಣ: ಜಾರುವ ಚಕ್ರಕ್ಕೆ ಎಷ್ಟು ಹಿಡಿತವೋ ಇನ್ನೊಂದಕ್ಕೂ ಅಷ್ಟೇ ಬಲ. ಟಿಪ್ಪರ್ ಚಾಲಕ ಡಿಫ್ ಲಾಕ್ ಒತ್ತಿ ಪಾರಾಗುತ್ತಾನೆ. ಆದರೆ ಲಾಕ್ ನೇರ ಓಟಕ್ಕೆ, ನಿಧಾನ ವೇಗಕ್ಕೆ ಮಾತ್ರ. ತಿರುವಿನಲ್ಲಿ ವೇಗವಾಗಿ ಹೋಗಬೇಕಾದ ಸ್ಪೋರ್ಟ್ಸ್ ಕಾರಿಗೆ ಅದು ಒಗ್ಗದು. ಚಕ್ರಗಳ ವೇಗದಲ್ಲಿ ವ್ಯತ್ಯಾಸ ಇರಲಿ, ಆದರೆ ಅದಕ್ಕೊಂದು ಮಿತಿಯೂ ಇರಲಿ ಎಂಬ ನಡುದಾರಿಯೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ.

ಇಸವಿಗಳು

1827: ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್, ಉಗಿಬಂಡಿಗೆ ಡಿಫರೆನ್ಷಿಯಲ್.
1930ರ ದಶಕ: ಫರ್ಡಿನಾಂಡ್ ಪೋರ್ಷೆ ರೂಪಿಸಿದ ಆಟೊ ಯೂನಿಯನ್ ರೇಸ್ ಕಾರಿಗೆ ಜೆಡ್‌ಎಫ್ ಕಂಪನಿಯ ಎಲ್‌ಎಸ್‌ಡಿ.
1956, 1957: ಅಮೆರಿಕದಲ್ಲಿ ಮೊದಲು ಪ್ಯಾಕಾರ್ಡ್, ಮರುವರ್ಷ ಷೆವರ್ಲೆಯ ಪಾಸಿಟ್ರ್ಯಾಕ್ಷನ್.
1958: ವೆರ್ನನ್ ಗ್ಲೀಸ್‌ಮನ್ ಅವರ ಪೇಟೆಂಟ್. ಮುಂದೆ ಟಾರ್ಸನ್ ಎಂದು ಹೆಸರಾದ ಗೇರ್ ಬಗೆಯ ಎಲ್‌ಎಸ್‌ಡಿ ಇದೇ.

ಲೆಕ್ಕ: ಅಂಕ ಬರುವ ಜಾಗ

ಲಾಕಿಂಗ್ ಶೇಕಡಾ = (ಹೆಚ್ಚು ಟಾರ್ಕ್ − ಕಡಿಮೆ ಟಾರ್ಕ್) ÷ (ಎರಡರ ಮೊತ್ತ) × 100. ಟಾರ್ಕ್ ಬಯಾಸ್ ಅನುಪಾತ = ಹೆಚ್ಚು ÷ ಕಡಿಮೆ.

ಶೇ 25 ಎಂದರೆ 62.5ಕ್ಕೆ 37.5, ಅನುಪಾತ 1.67. ಶೇ 40 ಎಂದರೆ 70ಕ್ಕೆ 30, ಅನುಪಾತ 2.33. ಅನುಪಾತ 3 ಆದರೆ ಶೇ 50. ಶೇ 25ರ ಎಲ್‌ಎಸ್‌ಡಿಯಲ್ಲಿ ಕಾಲು ಭಾಗ ಮಾತ್ರ ಇನ್ನೊಂದು ಚಕ್ರಕ್ಕೆ ಹೋಗುತ್ತದೆ ಎಂದು ಬರೆದರೆ ಉತ್ತರ ತಪ್ಪು. ಜಾರುವ ಚಕ್ರ 100 ನ್ಯೂಟನ್-ಮೀಟರ್ ಹಿಡಿದರೆ ಇನ್ನೊಂದಕ್ಕೆ ಸುಮಾರು 167 ಸಿಗುತ್ತದೆ ಎಂಬುದು ಸರಿಯಾದ ಅರ್ಥ.

ಇದರ ಬೆನ್ನಿಗೇ ಬರುವ ಪ್ರಶ್ನೆ: ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಟಾರ್ಸನ್ ಏನು ಮಾಡುತ್ತದೆ? ಸೊನ್ನೆಯನ್ನು ಮೂರರಿಂದ ಗುಣಿಸಿದರೂ ಸೊನ್ನೆಯೇ. ಕಾರು ಕದಲದು. ಬ್ರೇಕನ್ನು ಹಗುರವಾಗಿ ಒತ್ತಿದರೆ ಗಾಳಿಯಲ್ಲಿರುವ ಚಕ್ರಕ್ಕೆ ಒಂದಿಷ್ಟು ತಡೆ ಹುಟ್ಟಿ, ಗುಣಿಸಲು ಏನೋ ಸಿಗುತ್ತದೆ.

ಬಗೆಗಳು

ಕ್ಲಚ್ ಪ್ಲೇಟ್ ಬಗೆ (ಸಾಲ್ಸ್‌ಬರಿ, ಜೆಡ್‌ಎಫ್): ಪ್ಲೇಟುಗಳ ಕಟ್ಟು, ಇಳಿಜಾರು ರ‍್ಯಾಂಪ್, ಪ್ರಿಲೋಡ್. ರ‍್ಯಾಂಪ್ ಕೋನ ಕಡಿಮೆಯಾದಷ್ಟೂ ಲಾಕ್ ಬಿಗಿ. ಗ್ಯಾಸ್ ಕೊಟ್ಟಾಗ ಮಾತ್ರ ಹಿಡಿದರೆ ಒನ್-ವೇ, ಬಿಟ್ಟಾಗಲೂ ಅಷ್ಟೇ ಹಿಡಿದರೆ ಟೂ-ವೇ, ಬಿಟ್ಟಾಗ ಕೊಂಚವೇ ಹಿಡಿದರೆ ಒಂದೂವರೆ-ವೇ. ಸವೆಯುತ್ತದೆ, ಆದರೆ ಬಿಚ್ಚಿ ರಿಪೇರಿ ಮಾಡಬಹುದು. ಹಳೆ ಕಾರಿಗೆ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಗೇರ್ ಬಗೆ (ಟಾರ್ಸನ್, ಕ್ವೈಫ್): ಪ್ಲೇಟುಗಳಿಲ್ಲ, ಬಾಳಿಕೆ ಹೆಚ್ಚು.

ವಿಸ್ಕಸ್ ಬಗೆ: ಸಿಲಿಕೋನ್ ದ್ರವದಲ್ಲಿ ತಟ್ಟೆಗಳು. ದ್ರವ ಹಳತಾದರೆ ಹಿಡಿತ ಕುಗ್ಗುತ್ತದೆ, ಸೀಲಾದ ಡಬ್ಬಿಯಾದ್ದರಿಂದ ರಿಪೇರಿ ಕಷ್ಟ. ಮಜ್ದಾ ಎಂಎಕ್ಸ್-5ರ ಮೊದಲ 1.6 ಲೀಟರ್ ಕಾರುಗಳಿಗೆ ವಿಸ್ಕಸ್ ಬಗೆ ಬರುತ್ತಿತ್ತು. 1994ರಿಂದ 1.8ಕ್ಕೆ ಟಾರ್ಸನ್ ಬಂತು. ಎರಡರಲ್ಲಿ ಆಯ್ಕೆ ಸಿಕ್ಕರೆ ಯೋಚಿಸುವ ಅಗತ್ಯವೇ ಇಲ್ಲ.

ಗೊಂದಲ ಬೇಡ: ಮಹೀಂದ್ರ ಥಾರ್, ಬೊಲೆರೊ ನಿಯೊಗಳಲ್ಲಿ ಬಂದ ಎಂಎಲ್‌ಡಿ ಎಲ್‌ಎಸ್‌ಡಿ ಅಲ್ಲ. ಚಕ್ರಗಳ ವೇಗದ ಅಂತರ ಮಿತಿ ಮೀರಿದಾಗ ತಾನಾಗಿಯೇ ಪೂರ್ತಿ ಬಿಗಿಯುವ ಲಾಕರ್ ಅದು.

ಗುರುತಿಸುವುದು

ಮೊದಲ ಪರೀಕ್ಷೆ ಎಲ್ಲರಿಗೂ ಗೊತ್ತು. ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿಗೆ ಕೂರಿಸಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಎದುರು ದಿಕ್ಕಿಗೆ ತಿರುಗಿದರೆ ಓಪನ್ ಡಿಫ್ (ಸಾಧಾರಣ ಡಿಫರೆನ್ಷಿಯಲ್), ಅದೇ ದಿಕ್ಕಿಗೆ ತಿರುಗಿದರೆ ಎಲ್‌ಎಸ್‌ಡಿ ಎಂಬ ಸೂತ್ರ. ಪರೀಕ್ಷೆಯಲ್ಲಿ ಹೀಗೇ ಬರೆಯಿರಿ. ಆದರೆ ದುಡ್ಡು ಕೊಡುವಾಗ ಇಷ್ಟನ್ನೇ ನಂಬಬೇಡಿ. ಪ್ಲೇಟು ಸವೆದ ಎಲ್‌ಎಸ್‌ಡಿ ಓಪನ್ ಡಿಫ್‌ನಂತೆಯೇ ನಡೆದುಕೊಳ್ಳುತ್ತದೆ, ಪ್ರಿಲೋಡ್ ಇಲ್ಲದ ಗೇರ್ ಬಗೆಯೂ ಹಾಗೆ ಮೋಸ ಮಾಡಬಹುದು. ಯಾರೋ ಒಳಗೆ ವೆಲ್ಡಿಂಗ್ ಮಾಡಿಟ್ಟ ಡಿಫ್ ಅದೇ ದಿಕ್ಕಿಗೆ ಸೊಗಸಾಗಿ ತಿರುಗುತ್ತದೆ!

ಎರಡನೆಯದು ಬ್ರೇಕ್‌ಅವೇ ಟಾರ್ಕ್. ಒಂದು ಚಕ್ರ ನೆಲದಲ್ಲಿ, ಒಂದು ಮೇಲೆ, ಗೇರ್ ನ್ಯೂಟ್ರಲ್. ಎತ್ತಿದ ಕಡೆಯ ಹಬ್‌ಗೆ ಟಾರ್ಕ್ ರೆಂಚ್ ಹಾಕಿ, ಅದು ತಿರುಗತೊಡಗುವಾಗಿನ ಅಂಕಿಯನ್ನು ಕಾರಿನ ಕೈಪಿಡಿಯ ಮಿತಿಗೆ ಹೋಲಿಸಬೇಕು. ಕ್ಲಚ್ ಬಗೆಯ ಆರೋಗ್ಯ ಹೇಳುವುದು ಇದೊಂದೇ.

ಎಚ್ಚರಿಕೆ: ಎಲ್‌ಎಸ್‌ಡಿ ಇರುವ ಕಾರಿನ ಒಂದೇ ಹಿಂಚಕ್ರ ಎತ್ತಿ ಇಂಜಿನ್ ಓಡಿಸಿ ಗೇರ್ ಹಾಕಬಾರದು. ನೆಲದಲ್ಲಿರುವ ಚಕ್ರ ಕಾರನ್ನು ಜ್ಯಾಕ್‌ನಿಂದ ಎಳೆದು ಕೆಡವುತ್ತದೆ. ಇದು ಸುರಕ್ಷತೆಯ ಪ್ರಶ್ನೆಯಾಗಿಯೂ ಬರಬಹುದು.

ಮೂರನೆಯದು ಅಚ್ಚು ಮತ್ತು ಬಿಲ್ಲೆ. ಬಿಎಂಡಬ್ಲ್ಯುವಿನ ಹಳೆ ಡಿಫ್ ಬಿಲ್ಲೆಯಲ್ಲಿ ಅನುಪಾತದ ಹಿಂದೆ ‘ಎಸ್’ ಅಕ್ಷರವಿದ್ದರೆ ಎಲ್‌ಎಸ್‌ಡಿ (ಎಸ್ 3.91 ಎಂಬಂತೆ). ಪೋರ್ಷೆಯ ಆಯ್ಕೆ ಸಂಖ್ಯೆ ಎಂ220, ಜನರಲ್ ಮೋಟರ್ಸ್‌ನದು ಜಿ80. ಜಾಗ್ವಾರ್ ಇ-ಟೈಪ್‌ನ ಸಾಲ್ಸ್‌ಬರಿ ಆಕ್ಸಲ್‌ನಲ್ಲಿ ಕವರ್ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಬಿಲ್ಲೆ ಹಲ್ಲಿನ ಎಣಿಕೆ ಹೇಳುತ್ತದೆ: 43/13 ಎಂದರೆ 3.31. ಅರವತ್ತು ವರ್ಷದಲ್ಲಿ ಆ ಕವರನ್ನು ಎಷ್ಟು ಜನ ಬಿಚ್ಚಿದ್ದಾರೋ, ಬಿಲ್ಲೆ ಅದೇ ಡಿಫ್‌ನದು ಎಂಬುದಕ್ಕೆ ಖಾತರಿ ಇಲ್ಲ. ಕವರ್ ಬಿಚ್ಚಿ ಒಳಗಿನ ಪ್ಲೇಟು ನೋಡಿ, ಕ್ರೌನ್ ಮತ್ತು ಪಿನಿಯನ್ ಹಲ್ಲು ಎಣಿಸಿ.

ಬಿಚ್ಚದೆ ಅನುಪಾತ ಬೇಕಾದರೆ: ಓಪನ್ ಡಿಫ್‌ನಲ್ಲಿ ಒಂದು ಚಕ್ರ ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿದರೆ, ಎಲ್‌ಎಸ್‌ಡಿಯಲ್ಲಿ ಎರಡೂ ಚಕ್ರ ಒಟ್ಟಿಗೆ ಒಂದು ಸುತ್ತು ತಿರುಗಿಸಿದರೆ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತೋ ಅದೇ ಅನುಪಾತ.

ಹುಡುಕುವುದು: ಕಾರಿನ ಹೆಸರು ಬಿಡಿ, ಆಕ್ಸಲ್ ಹೆಸರು ಹಿಡಿಯಿರಿ

ನಮ್ಮ ದೇಶದ ಹಳೆ ಕಾರುಗಳಾದ ಪದ್ಮಿನಿ, ಕಾಂಟೆಸ್ಸಾ, 118ಎನ್‌ಇ, ಬೆಂಗಳೂರಿನ ಸಿಪಾನಿ ಡಾಲ್ಫಿನ್ ಎಲ್ಲವೂ ಹಿಂಚಕ್ರ ಚಾಲನೆಯವು, ಎಲ್ಲಕ್ಕೂ ಓಪನ್ ಡಿಫ್. ಪದ್ಮಿನಿ, ಡಾಲ್ಫಿನ್‌ಗಳು ಷೋಲಾವರಂನಲ್ಲಿ ರೇಸ್ ಓಡಿದವು ನಿಜ, ಆದರೆ ಗುಜರಿಯಲ್ಲಿ ‘ಕಾಂಟೆಸ್ಸಾ ಎಲ್‌ಎಸ್‌ಡಿ ಇದೆಯಾ’ ಎಂದು ಕೇಳುತ್ತಾ ಅಲೆದರೆ ಚಪ್ಪಲಿ ಸವೆಯುತ್ತದೆ ಅಷ್ಟೆ. ಹೊರದೇಶದ ಹಳೆ ಕಾರಿನ ಕಥೆ ಬೇರೆ. ಇ-ಟೈಪ್‌ನ ಸಾಲ್ಸ್‌ಬರಿ 4ಎಚ್‌ಯು, ಅಮೆರಿಕದ ಡಾನಾ 44ಕ್ಕೆ ಹತ್ತಿರದ ನೆಂಟ. ಸಿಜೆ-3ಬಿ ಜೀಪಿನ ಹಿಂದಿನ ಆಕ್ಸಲ್ ಕೂಡ ಅದೇ ವಂಶದ್ದು. ದಾಟ್ಸನ್ 240ಜೆಡ್‌ನ ಆರ್180 ಮುಂದೆ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿಗೆ ಎಲ್‌ಎಸ್‌ಡಿ ಸಮೇತ ಬಂತು. ವಂಶ ಒಂದೇ ಆದರೂ ಆಕ್ಸಲ್ ತುದಿ ಬೇರೆ, ಹಾಗಾಗಿ ಅಡಾಪ್ಟರ್ ಬೇಕು.

ಫೋನಿನಲ್ಲಿ ಕೇಳುವ ಮುನ್ನ ಬರೆದಿಟ್ಟುಕೊಳ್ಳಬೇಕಾದ್ದು: ಆಕ್ಸಲ್ ಮಾದರಿ, ಶಾಫ್ಟಿನ ಸ್ಪ್ಲೈನ್ ಎಣಿಕೆ ಮತ್ತು ವ್ಯಾಸ, ಕ್ರೌನ್ ವೀಲಿನ ವ್ಯಾಸ ಹಾಗೂ ಬೋಲ್ಟ್ ಸಂಖ್ಯೆ, ಅನುಪಾತ, ಬೇರಿಂಗ್ ನಂಬರ್. ಸ್ಪ್ಲೈನ್ ಒಂದು ಹಲ್ಲು ಹೆಚ್ಚುಕಮ್ಮಿಯಾದರೂ ವ್ಯಾಪಾರ ಅಲ್ಲಿಗೇ ಮುಗಿಯಿತು.

ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಮಾಯಾಪುರಿ ಹಳೆ ಬಿಡಿಭಾಗಗಳ ಗುಜರಿಗಳು. ಅಲ್ಲಿ ಹೌಸಿಂಗ್, ಬೇರಿಂಗ್ ಸಿಕ್ಕಾವು. ಎಲ್‌ಎಸ್‌ಡಿಯನ್ನು ಹೊಸದಾಗಿಯೇ ತರಿಸುವುದು ಮೇಲು. ಸುಂಕದ ಶೀರ್ಷಿಕೆ 8708 50 (ಡಿಫರೆನ್ಷಿಯಲ್ ಸಹಿತ ಚಾಲನಾ ಆಕ್ಸಲ್ ಮತ್ತು ಅದರ ಭಾಗಗಳು). ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ನಿರ್ಬಂಧಿತ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಅನುಮತಿ ಬೇಕು. ಹೊರದೇಶದ ಗುಜರಿಯಲ್ಲಿ ಅಗ್ಗಕ್ಕೆ ಕಂಡದ್ದು ಬಂದರಿನಲ್ಲಿ ದುಬಾರಿಯಾಗುವುದು ಹೀಗೆ.

ಕಾನೂನು, ಒಂದೆರಡು ಸಾಲು

ವಾಹನದ ಮಾರ್ಪಾಡು: ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52. ವಿಂಟೇಜ್ ನೋಂದಣಿ: ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ 81ಎ ಇತ್ಯಾದಿ ನಿಯಮಗಳು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಸಂಖ್ಯೆಯಲ್ಲಿ ‘ವಿಎ’ ಗುರುತು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಸ್, ಬಾಡಿ, ಇಂಜಿನ್ ಬದಲಾಗಿರಬಾರದು ಎನ್ನುವ ನಿಯಮ ಡಿಫರೆನ್ಷಿಯಲ್ ಹೆಸರೆತ್ತುವುದಿಲ್ಲ. ಆದರೂ ತೆಗೆದ ಮೂಲ ಡಿಫ್ ಅನ್ನು ಎಸೆಯಬೇಡಿ.

ಜೋಡಣೆ ಮತ್ತು ಎಣ್ಣೆ

ಹೊಸ ಎಲ್‌ಎಸ್‌ಡಿಗೆ ಹಳೆ ಕ್ರೌನ್ ವೀಲ್ ಕೂರಿಸಿದರೆ ಶಿಮ್ ಲೆಕ್ಕ ಮತ್ತೆ ಮೊದಲಿನಿಂದ: ಬೇರಿಂಗ್ ಪ್ರಿಲೋಡ್, ಬ್ಯಾಕ್‌ಲ್ಯಾಶ್, ಬಣ್ಣ ಹಚ್ಚಿ ಹಲ್ಲಿನ ಸ್ಪರ್ಶದ ಗುರುತು. ಕ್ರೌನ್ ಮತ್ತು ಪಿನಿಯನ್ ಒಂದೇ ಜೋಡಿಯವಾಗಿರಬೇಕು, ಬೇರೆ ಬೇರೆ ಕಡೆಯಿಂದ ತಂದು ಸೇರಿಸಿದರೆ ಊಳಿಡುತ್ತವೆ. ಕ್ಲಚ್ ಬಗೆಗೆ ಫ್ರಿಕ್ಷನ್ ಮಾಡಿಫೈಯರ್ ಇರುವ ಜಿಎಲ್-5 ಎಣ್ಣೆ. ನಿಧಾನ ತಿರುವಿನಲ್ಲಿ ಹಿಂದಿನಿಂದ ಕಟಕಟ ಸದ್ದು ಬಂದರೆ ಮೊದಲು ಎಣ್ಣೆ ಬದಲಿಸಿ, ಆಮೇಲೆ ಬಿಚ್ಚುವ ಯೋಚನೆ. ಹೊಸ ಪ್ಲೇಟು ಹಾಕಿದ ಮೇಲೆ ಖಾಲಿ ಮೈದಾನದಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ನಿಧಾನಕ್ಕೆ ಸುತ್ತಿಸಿ ಹದಕ್ಕೆ ತಂದು, ಆ ಮೊದಲ ಎಣ್ಣೆಯನ್ನು ಬೇಗನೆ ಇಳಿಸಿಬಿಡಬೇಕು.