ಹೆದರಿದ ಬೆಕ್ಕನ್ನು ಒಲಿಸಿಕೊಳ್ಳುವ ಬಗೆ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಕುದಿಯುವ ಹಾಲಿಗೆ ಒಮ್ಮೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲಿನ ಬಟ್ಟಲನ್ನು ಕಂಡರೇ ಓಡುತ್ತಿತ್ತು. ಕೇಳಿ ನಾವು ನಗುತ್ತೇವೆ. ಬೆಕ್ಕಿನ ಕಡೆಯಿಂದ ನೋಡಿದರೆ ನಗುವಂಥದೇನೂ ಇಲ್ಲ. ಭಯವನ್ನು ಕಲಿಯಲು ಒಂದು ಸಲ ಸಾಕು, ಅದನ್ನು ಮರೆಯಲು ನೂರು ಸಲ ಬೇಕು. ಈ ಸಂಚಿಕೆಯ ಪಾಠ ಇದೇ.

ಕಳೆದ ಮಳೆಗಾಲದಲ್ಲಿ ನಾಯಿಗಳಿಗೆ ಹೆದರಿದ ಒಂದು ಹೆಣ್ಣು ಬೆಕ್ಕು ಗಿರಣಿಯ ಗೋದಾಮಿಗೆ ನುಗ್ಗಿ, ಹತ್ತಿಯ ಅಂಡಿಗೆಗಳ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಹಿಂಗಾಲು ಕುಂಟುತ್ತಿತ್ತು. ಮುಚ್ಚಳದ ಬುಟ್ಟಿಯಲ್ಲಿಟ್ಟು ಪಶುವೈದ್ಯರಿಗೆ ತೋರಿಸಿ, ನಾವು ನಾಲ್ವರು ಇರುವ ಖೋಲಿಗೆ ತಂದೆವು. ಖೋಲಿಯ ಗೆಳೆಯರೊಬ್ಬರು ಮೊದಲ ದಿನವೇ ಗಡುವು ಹಾಕಿದರು: "ಒಂದು ತಿಂಗಳು ನೋಡೋಣ. ಪಳಗದಿದ್ದರೆ ಗೋಣಿಯಲ್ಲಿ ಹಾಕಿ ಮಾರ್ಕೆಟ್ಟಿನಲ್ಲಿ ಬಿಟ್ಟು ಬರೋಣ." ಕುಂಟುವ ಬೆಕ್ಕನ್ನು ಮಾರ್ಕೆಟ್ಟಿನ ನಾಯಿಗಳ ನಡುವೆ ಬಿಟ್ಟರೆ ಏನಾಗುವುದೆಂದು ನಮಗೆಲ್ಲರಿಗೂ ಗೊತ್ತಿತ್ತು.

ಮೊದಲು ನಾವು ಮಾಡಿದ ತಪ್ಪನ್ನೇ ಹೇಳುತ್ತೇವೆ. ಮೂರನೆಯ ದಿನ ಪಕ್ಕದ ಖೋಲಿಯವರಿಗೆ ತೋರಿಸುವ ಉತ್ಸಾಹದಲ್ಲಿ ಅದನ್ನು ಮಂಚದ ಕೆಳಗಿನಿಂದ ಹೊರಗೆಳೆದೆವು. ಅದು ಕೈಯನ್ನು ಪರಚಿ ರಕ್ತ ಬರಿಸಿತು. ಬೆಕ್ಕಿನಿಂದಲೂ ರೇಬೀಸ್ ಬರಬಹುದು. ಆದುದರಿಂದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡೆವು. ಇದರಲ್ಲಿ ಯಾರೂ ಉದಾಸೀನ ಮಾಡತಕ್ಕದ್ದಲ್ಲ. ನಮ್ಮ ಕೈ ವಾಸಿಯಾಯಿತು. ಬೆಕ್ಕು ಮಾತ್ರ ಐದು ದಿನ ನಮ್ಮೆದುರಿಗೆ ಅನ್ನ ಮುಟ್ಟಲಿಲ್ಲ, ನಾವು ಮಲಗಿದ ಮೇಲೆ ಬಂದು ತಿನ್ನುತ್ತಿತ್ತು. ಆಗ ವಿಜಯಪುರದ ಕಡೆಯ ನಮ್ಮ ಕಾಕಾ, "ತಮ್ಮಾ, ಅದನ್ನ ಎಳೀಬ್ಯಾಡ. ಅದಕ್ಕ ಬರಬೇಕು ಅನಿಸಿದಾಗ ತಾನಾ ಬರ್ತದ" ಎಂದರು. ಅಂದಿನಿಂದ ಕೆಳಗಿನ ಕ್ರಮವನ್ನು ಹಿಡಿದೆವು.

ಒಂದು: ಅಡಗುವ ಜಾಗ ಕೊಡಿ. ರಟ್ಟಿನ ಪೆಟ್ಟಿಗೆಯೊಂದಕ್ಕೆ ಬಾಗಿಲು ಕೊರೆದು ಮೂಲೆಯಲ್ಲಿಟ್ಟರೆ ಸಾಕು. ನೆದರ್ಲೆಂಡ್ಸಿನ ಬೆಕ್ಕಿನ ಆಶ್ರಯಗೃಹವೊಂದರಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಡಗಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಸಿಗದವುಗಳಿಗಿಂತ ಬೇಗ ಶಾಂತವಾದವು. ಪೆಟ್ಟಿಗೆಯೊಳಗೆ ಎಂದೂ ಕೈ ಹಾಕಬೇಡಿ.

ಎರಡು: ಹೊತ್ತು ತಪ್ಪಿಸಬೇಡಿ. ದಿನವೂ ಅದೇ ವೇಳೆಗೆ, ಅದೇ ತಟ್ಟೆಯಲ್ಲಿ, ಉಪ್ಪುಖಾರವಿಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನನ್ನೋ ಕೋಳಿಯನ್ನೋ ಇಡಿ, ಪಕ್ಕದಲ್ಲಿ ನೀರಿರಲಿ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಅದಕ್ಕೆ ವಿಷ. ನಾವು ನುಂಗುವ ಪ್ಯಾರಾಸಿಟಮಾಲ್ ಅದರ ಪ್ರಾಣವನ್ನೇ ತೆಗೆಯಬಲ್ಲದು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರನ್ನು ಕಾಣಿ. ಉಪವಾಸದಿಂದ ಬೆಕ್ಕಿನ ಯಕೃತ್ತು ಕೆಡುತ್ತದೆ.

ಮೂರು: ದಿಟ್ಟಿಸಿ ನೋಡಬೇಡಿ. ಎವೆಯಿಕ್ಕದ ನೋಟ ಬೆಕ್ಕಿಗೆ ಜಗಳದ ಕರೆ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು, ನಿದ್ದೆ ಬಂದವರಂತೆ ಮೆಲ್ಲಗೆ ಕಣ್ಣು ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಮಾಡಿದವರಿಗೆ ಬೆಕ್ಕುಗಳೂ ಕಣ್ಣು ಕಿರಿದಾಗಿಸಿ ಉತ್ತರ ಕೊಟ್ಟವು. ಅಪರಿಚಿತರು ಹೀಗೆ ಮಾಡಿ ಕೈ ಚಾಚಿದಾಗ ಹೆಚ್ಚಾಗಿ ಹತ್ತಿರ ಬಂದವು. ನಾವು ದಿನವೂ ರಾತ್ರಿ ಅರ್ಧ ಗಂಟೆ ವೃತ್ತಪತ್ರಿಕೆಯನ್ನು ಮೆಲುದನಿಯಲ್ಲಿ ಓದುತ್ತ ಕುಳಿತೆವು. ಅದು ನಮ್ಮ ಧ್ವನಿಗೆ ಹೊಂದಿಕೊಂಡಿತು, ನಮ್ಮ ಓದೂ ಆಯಿತು.

ನಾಲ್ಕು: ಮೊದಲ ಸ್ಪರ್ಶ ಬೆಕ್ಕಿನದಾಗಿರಲಿ. ಒಂದು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಚಾಚಿ ಸುಮ್ಮನಿರಿ. ಮೂಸಿ ಕೆನ್ನೆ ಉಜ್ಜಿದರೆ ಗಲ್ಲವನ್ನು ಮೆಲ್ಲಗೆ ಸವರಿ, ಕೈ ಹಿಂತೆಗೆಯಿರಿ. ಕಿವಿ ಹಿಂದಕ್ಕೆ ಮಲಗಿದರೆ, ಬಾಲ ಪಟಪಟನೆ ಬಡಿದರೆ, ಆ ದಿನದ ಪಾಠ ಮುಗಿಯಿತೆಂದು ತಿಳಿಯಿರಿ.

ಹುಟ್ಟಿದ 2ರಿಂದ 7 ವಾರಗಳೊಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಸುಲಭವಾಗಿ ಒಗ್ಗುತ್ತದೆ. ಆ ಭಾಗ್ಯ ಸಿಗದ ಬೆಕ್ಕಿಗೆ ತಿಂಗಳುಗಳೇ ಹಿಡಿಯಬಹುದು. ಕೆಲವು ಎಂದೂ ಮಡಿಲೇರಲಾರವು. ಅದು ಹಟವೂ ಅಲ್ಲ, ಕೃತಘ್ನತೆಯೂ ಅಲ್ಲ. ಊರು ಬಿಟ್ಟು ಬಂದ ಮೊದಲ ವಾರ, ಭಾಷೆ ತಿಳಿಯದೆ, ಯಾರು ಬಾಗಿಲು ತಟ್ಟಿದರೂ ಎದೆ ಹಾರುತ್ತಿದ್ದ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

ಇಪ್ಪತ್ತನಾಲ್ಕನೆಯ ರಾತ್ರಿ, ಪತ್ರಿಕೆಯ ಎರಡನೆಯ ಪುಟ ಓದುತ್ತಿದ್ದಾಗ, ಬೆಕ್ಕು ಪೆಟ್ಟಿಗೆಯಿಂದ ಹೊರಬಂದು ನಮ್ಮ ಮೊಣಕಾಲಿಗೆ ಕೆನ್ನೆ ಉಜ್ಜಿತು. ನಾವು ಓದುವುದನ್ನು ನಿಲ್ಲಿಸಲಿಲ್ಲ. ಗಡುವು ಹಾಕಿದ ಗೆಳೆಯರು ಮಂಚದ ಮೇಲಿನಿಂದ ನೋಡುತ್ತಿದ್ದರು. ಗೋಣಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಅದು ಇಂದಿಗೂ ಪೆಟ್ಟಿಗೆ ಸೇರುತ್ತದೆ. ಆದುದರಿಂದ ಪೆಟ್ಟಿಗೆಯನ್ನು ನಾವು ತೆಗೆದಿಲ್ಲ. ಓದುಗ ಬಂಧುಗಳೂ ತೆಗೆಯಬಾರದು.