ಕ್ಯಾಲ್ಸಿಯಂ ಸ್ಕೋರ್: ಹೃದಯದ ಸಿ.ಟಿ. ಸ್ಕ್ಯಾನ್ ಹೇಳುವುದೇನು?
ನಟ ಪುನೀತ್ ರಾಜ್‌ಕುಮಾರ್ ಅವರು ಹೃದಯಾಘಾತದಿಂದ ನಿಧನರಾದ (29 ಅಕ್ಟೋಬರ್ 2021) ನಂತರ ಕರ್ನಾಟಕದಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು.

ಅಂಥ ತಪಾಸಣೆಗಳಲ್ಲೊಂದಾದ ಸಿ.ಟಿ. ಸ್ಕ್ಯಾನ್‌ನಲ್ಲಿ, ಹೃದಯಕ್ಕೆ ರಕ್ತ ಒಯ್ಯುವ ಕರೊನರಿ ಅಪಧಮನಿಯ ಗೋಡೆಯಲ್ಲಿ ಗಟ್ಟಿಗೊಂಡ ಸುಣ್ಣದಂಶವನ್ನು (ಕ್ಯಾಲ್ಸಿಯಂ) ಅಳೆಯುವುದು ‘ಅಗಾಟ್‌ಸ್ಟನ್ ಸ್ಕೋರ್’ (1990). ಇಂಜೆಕ್ಷನ್ ಬೇಡ, ಬಣ್ಣದ ದ್ರವವೂ ಬೇಡ; 130 ಹೌನ್ಸ್‌ಫೀಲ್ಡ್ ಮಾನ ಹಾಗೂ ಅದಕ್ಕೂ ಹೆಚ್ಚು ಸಾಂದ್ರತೆಯ ಚುಕ್ಕೆಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಸ್ಕೋರ್ 0 ಇದ್ದರೆ ಸದ್ಯಕ್ಕೆ ಹೃದಯಾಘಾತದ ಅಪಾಯ ಕಡಿಮೆ. 100 ದಾಟಿದರೆ ವೈದ್ಯರು ಸಾಮಾನ್ಯವಾಗಿ ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ ಸೂಚಿಸುತ್ತಾರೆ. 400 ಮೀರಿದರೆ ಅಪಾಯ ಬಹಳ ಹೆಚ್ಚು.

ಪರೀಕ್ಷೆ ಮಾಡಿಸಿಕೊಳ್ಳುವವರು ಎಡವುವ ಅಂಶವೊಂದಿದೆ: ಸುಣ್ಣಗಟ್ಟದ ಮೆದು ಕೊಬ್ಬಿನ ಪದರ ಈ ಸ್ಕ್ಯಾನ್‌ಗೆ ಕಾಣದು. ಹಾಗಾಗಿ ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ಸೊನ್ನೆ ಬಂತೆಂದು ನಿಶ್ಚಿಂತರಾಗಬಾರದು. ಎದೆನೋವು ಬಂದವರಿಗೆ ಮೊದಲು ಬೇಕಿರುವುದು ಇ.ಸಿ.ಜಿ.