ಚನ್ನಪಟ್ಟಣದಲ್ಲಿ ಗೊಂಬೆ ಘಟಕ: ಹೊಸಬರಿಗೆ ಹಂತ ಹಂತವಾಗಿ

ಗೊಂಬೆ ಮಾಡಿ ಮಾರಬೇಕೆಂದು ಹೊರಡುವ ಹೊಸಬರು ಮೊದಲು ಹೆಸರು ಹುಡುಕುತ್ತಾರೆ, ಲೋಗೋ ಬರೆಸುತ್ತಾರೆ, ಇನ್‌ಸ್ಟಾಗ್ರಾಮ್ ಪುಟ ತೆರೆಯುತ್ತಾರೆ. ಮರದ ಯೋಚನೆ ಕೊನೆಗೆ. ಈ ಕ್ರಮವೇ ತಲೆಕೆಳಗು.

1. ಲೇತ್ ಮುಂದೆ ಕೂರಿ
ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿ.ಮೀ. ಹೋದರೆ ಚನ್ನಪಟ್ಟಣ. ಅಲ್ಲಿ ಯಾರಾದರೂ ಹಿರಿಯ ಕುಶಲಕರ್ಮಿಯನ್ನು ಕೇಳಿಕೊಂಡು ಕೆಲವು ವಾರ ಅವರ ಕೆಲಸ ನೋಡಿ. ಲೇತ್‌ನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ನೀವು ಇದರಲ್ಲಿ ಪಳಗಬೇಕಾಗಿಲ್ಲ. ಆದರೆ ಒಳ್ಳೆಯ ತುಂಡು ಯಾವುದು, ಅವಸರದ್ದು ಯಾವುದು ಎಂದು ಕೈಗೆತ್ತಿಕೊಂಡ ಕೂಡಲೇ ಗೊತ್ತಾಗಬೇಕು.

2. ಮರ ಕೊಂಡು ಒಣಗಿಸಿ
ಹೆಚ್ಚು ಬಳಕೆಯಲ್ಲಿರುವುದು ಆಲೆ ಮರ. ಬಿಳುಪು, ಮೃದು, ನಯವಾದ ಎಳೆ; ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹಸಿ ಮರ ತಂದರೆ ನೆರಳಲ್ಲಿ ಎರಡು ಮೂರು ತಿಂಗಳಾದರೂ ಒಣಗಬೇಕು. ಹಸಿಯಲ್ಲೇ ಕಡೆದರೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಗಿರಾಕಿಯ ಮನೆಯಲ್ಲಿ ಸೀಳು ಬಿಡುತ್ತದೆ. ಬಿಗಿಯಾಗಿ ಕೂತಿದ್ದ ಚಕ್ರ ಸಡಿಲವಾಗುತ್ತದೆ. ಪ್ರತಿ ರಾಶಿಯ ಮೇಲೂ ತಂದ ತಾರೀಖು ಬರೆದಿಡಿ, ಹಳೆಯದನ್ನೇ ಮೊದಲು ತೆಗೆಯಿರಿ. ಬಿಲ್ಲಿಲ್ಲದ ಮರ ಕೊಳ್ಳಬೇಡಿ. ಸಾಗಣೆಗೆ ಪರವಾನಗಿ ಬೇಕೇ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲೇ ಕೇಳಿ.

ನಿಮ್ಮ ದುಡ್ಡು ತಿಂಗಳುಗಟ್ಟಲೆ ಶೆಡ್‌ನಲ್ಲಿ ಮರವಾಗಿ ಮಲಗಿರುತ್ತದೆ. ಬಹಳಷ್ಟು ಜನ ಲೇತ್‌ಗೆ ಸಾಲ ಮಾಡುತ್ತಾರೆ, ಈ ಕಾಯುವ ಕಾಲಕ್ಕೆ ಬಂಡವಾಳ ಇಟ್ಟುಕೊಳ್ಳುವುದಿಲ್ಲ.

3. ಮೂರೇ ಮಾದರಿ
ಬುಗುರಿ, ಗಿಲಕಿ, ಚಕ್ರದ ಬಂಡಿ ಸಾಕು. ಪ್ರತಿಯೊಂದರದೂ ಒಪ್ಪಿಗೆಯಾದ ಒಂದು ನಮೂನೆಯನ್ನು ಕಪಾಟಿನಲ್ಲಿಡಿ. ಹೊಸ ತುಂಡು ಅದಕ್ಕೆ ಸರಿಹೊಂದಬೇಕು. ಎಳೆಯ ಮಕ್ಕಳ ಆಟಿಕೆಯಲ್ಲಿ ಕಳಚಿ ಗಂಟಲಿಗೆ ಹೋಗುವ ಸಣ್ಣ ಭಾಗ ಇರಲೇಬಾರದು.

4. ಬೆಲೆ ಕಟ್ಟಿ
ಒಂದು ತುಂಡಿಗೆ ಊಹೆಯ ಲೆಕ್ಕ ಹೀಗೆ: ಮರ 20, ಅರಗು ಬಣ್ಣ 10, ಕೂಲಿ 45, ಬಾಡಿಗೆ ಕರೆಂಟು 15, ಕೆಟ್ಟುಹೋದ ತುಂಡುಗಳ ಪಾಲು 10. ಒಟ್ಟು 100 ರೂಪಾಯಿ. ಅಂಗಡಿಗೆ 140ಕ್ಕೆ ಕೊಟ್ಟರೆ ಅವರು 250ರ ಆಸುಪಾಸು ಮಾರಬಹುದು. ನೀವೇ ಆನ್‌ಲೈನ್‌ನಲ್ಲಿ 160ಕ್ಕೆ ಮಾರಿದಿರೋ, ಆ ಅಂಗಡಿ ಮತ್ತೆ ನಿಮ್ಮ ಮಾಲು ಮುಟ್ಟುವುದಿಲ್ಲ.

5. ಕೂಲಿ
ತುಂಡಿಗಿಷ್ಟು ಎಂದರೆ ಕೈ ಓಡುತ್ತದೆ, ಕೆಲಸ ಕೆಡುತ್ತದೆ. ನನ್ನ ಮಟ್ಟಿಗೆ ತಿಂಗಳ ಸಂಬಳ, ಅದರ ಮೇಲೆ ಗುಣಮಟ್ಟದ ತುಂಡಿಗೆ ಹೆಚ್ಚುವರಿ ಕೊಡುವುದೇ ಸರಿ. ಕಲಿಯುವ ಹುಡುಗ ಹುಡುಗಿಯರಿಗೆ ಕಲಿಸುವ ಗಂಟೆಗಳಿಗೂ ಹಿರಿಯರಿಗೆ ಕೂಲಿ ಸಲ್ಲಬೇಕು. ಪುಕ್ಕಟೆ ಕಲಿಸಿ ಎಂದು ಕೇಳುವ ಮಾಲೀಕನಿಗೆ ಹತ್ತು ವರ್ಷದ ನಂತರ ಕೆಲಸಗಾರರೇ ಸಿಗುವುದಿಲ್ಲ. ಕೆಲಸಗಾರರ ಸುರಕ್ಷತೆಗೆ ಬೇಕಾದ ಮರದ ದೂಳು ಹೀರುವ ಯಂತ್ರ, ಲೇತ್‌ನ ಬೆಲ್ಟ್‌ಗೆ ಮರೆ ಇವನ್ನೂ ಖರ್ಚೆಂದು ನೋಡಬೇಡಿ.

6. ಕಾಗದಪತ್ರ
ಉದ್ಯಮ್ ನೋಂದಣಿ ಉಚಿತ. ಏಜೆಂಟರಿಗೆ ದುಡ್ಡು ಕೊಡಬೇಕಾಗಿಲ್ಲ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಅದು ನಿಮ್ಮ ಘಟಕಕ್ಕೂ ಸಲ್ಲುತ್ತದೆಂದು ಅಂದುಕೊಳ್ಳದೆ ಐಎಸ್‌ಐ ಗುರುತು ಕೊಡುವ ಬಿಐಎಸ್ ಕಚೇರಿಯಲ್ಲಿ ವಿಚಾರಿಸಿ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇರುವುದರಿಂದ ಬೇರೆಲ್ಲೋ ಕಡೆದದ್ದಕ್ಕೆ ಆ ಹೆಸರು ಅಂಟಿಸುವಂತಿಲ್ಲ. ನಿಮ್ಮಲ್ಲಿ ಕೆಲಸಕ್ಕೆ ಬರುವವರಿಗೆ ಪಿಎಂ ವಿಶ್ವಕರ್ಮ ಯೋಜನೆಯ ವಿಷಯ ತಿಳಿಸಿ: ಅರ್ಹರಿಗೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿವರೆಗೆ ಸಾಲ ಸಿಗುತ್ತದೆ.

7. ದೊಡ್ಡ ಆರ್ಡರ್
ಹಬ್ಬದ ಉಡುಗೊರೆಗೆಂದು ಯಾವುದೋ ಕಂಪನಿ ಒಮ್ಮೆಲೇ ಸಾವಿರಾರು ತುಂಡು ಕೇಳುತ್ತದೆ. ಹೂಂ ಎಂದುಬಿಡುವ ಮನಸ್ಸಾಗುತ್ತದೆ. ಮುಂಗಡ ಪಡೆಯದೆ ಒಪ್ಪಬೇಡಿ. ಶೆಡ್‌ಗೆ ಹೋಗಿ ಒಣಗಿದ ಮರ ಎಷ್ಟಿದೆ ಎಂದು ಎಣಿಸಿ, ಆಮೇಲೆ ತಾರೀಖು ಹೇಳಿ.